ಕಲಾಯಿ, ಗ್ಯಾಸ್‌ಲೈಟು, ಪಂಕ್ಚರು

ಕೆಟ್ಟುಹೋದ ವಸ್ತುವನ್ನು ಸರಿಮಾಡುವ ಕೆಲಸಕ್ಕೆ ಕನ್ನಡದಲ್ಲಿ ನಾವು ಮೂರು ಮಾತುಗಳನ್ನು ಬಳಸುತ್ತೇವೆ: ರಿಪೇರಿ, ದುರಸ್ತಿ, ಮರಾಮತ್ತು. ಮೊದಲನೆಯದು ಇಂಗ್ಲಿಷಿನಿಂದ ಬಂದದ್ದೆಂದು ಎಲ್ಲರಿಗೂ ಗೊತ್ತು. ಎರಡನೆಯದರ ತವರು ಪಾರಸಿ. ಅಲ್ಲಿ ‘ದುರುಸ್ತ್’ ಎಂದರೆ ಸರಿಯಾಗಿರುವುದು. ಮೂರನೆಯದು ಅರಬಿ ಮೂಲದ ‘ಮರಮ್ಮತ್’. ಹಳೇ ಮೈಸೂರು ಸೀಮೆಯಲ್ಲಿ ಕೆರೆ ಏರಿ, ಸೇತುವೆ, ರಸ್ತೆಗಳ ಕೆಲಸ ನೋಡಿಕೊಳ್ಳುತ್ತಿದ್ದ ಇಲಾಖೆಯನ್ನು ಮರಾಮತ್ತು ಇಲಾಖೆ ಎಂದೇ ಕರೆಯುತ್ತಿದ್ದರು. ದಫ್ತರಗಳಿಂದ ಹೊರಟ ಈ ಮಾತುಗಳು ಹೇಗೋ ಬೀದಿಗಿಳಿದು, ತೂತುಬಿದ್ದ ಬಕೆಟಿನವರೆಗೆ ಬಂದು ನಿಂತಿವೆ. ಕೆಲಸಗಾರನನ್ನು ಕರೆಯುವ ‘ಮಿಸ್ತ್ರಿ’ ಅಥವಾ ‘ಮೇಸ್ತ್ರಿ’ ಎಂಬ ಮಾತು ಪೋರ್ಚುಗೀಸರದ್ದು. ಅವರಲ್ಲಿ ‘ಮೆಸ್ತ್ರೆ’ ಎಂದರೆ ಗುರು, ಪರಿಣತ.

ನಾನು ಓದಿದ ಉರ್ದು ಪ್ರಾಥಮಿಕ ಶಾಲೆಯ ರಿಜಿಸ್ಟರಿನಲ್ಲಿ ನನ್ನ ಗೆಳೆಯನ ತಂದೆಯ ‘ಪೇಶಾ’ ಎಂಬ ಕಾಲಮ್ಮಿನಲ್ಲಿ ‘ಮಿಸ್ತ್ರಿ’ ಎಂದು ಬರೆದಿತ್ತು. ಅವರದು ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಷಾಪು. ಎಂಟನೇ ಕ್ಲಾಸಿಗೆ ನಾವಿಬ್ಬರೂ ಕನ್ನಡ ಹೈಸ್ಕೂಲು ಸೇರಿದಾಗ ಅದೇ ಕಾಲಮ್ಮಿನಲ್ಲಿ ಅವನು ‘ವ್ಯಾಪಾರ’ ಎಂದು ಬರೆಸಿದ. ಯಾರೂ ಹೇಳಿಕೊಟ್ಟಿರಲಿಲ್ಲ. ಹದಿಮೂರು ವರ್ಷದ ಹುಡುಗನಿಗೆ ಅಷ್ಟು ಹೊತ್ತಿಗೆ ಏನೋ ಅರ್ಥವಾಗಿತ್ತು.

ಅವನಿಗೆ ಅಂದು ಅರ್ಥವಾದದ್ದು ಈಗ ಎಲ್ಲರ ಬಾಯಲ್ಲೂ ಇದೆ. ‘ಪಂಕ್ಚರ್ ಹಾಕುವವರು’ ಎಂಬುದು ಮುಸಲ್ಮಾನರನ್ನು ಹಳಿಯುವ ಮಾತಾಗಿ ಚಲಾವಣೆಗೆ ಬಂದು ಬಹಳ ಕಾಲವಾಯಿತು. 2019ರ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ರಾಜಕೀಯ ಸಭೆಯಲ್ಲೇ ಅದು ಮೈಕಿನಲ್ಲಿ ಕೇಳಿಬಂತು. ಅದಕ್ಕೆ ಉತ್ತರವಾಗಿ ನಮ್ಮವರು ಡಾಕ್ಟರು, ಎಂಜಿನಿಯರು, ಐಎಎಸ್ ಅಧಿಕಾರಿಗಳ ಪಟ್ಟಿ ಕೊಟ್ಟರು. ಕೊಡಬೇಕಾದದ್ದೇ. ಆದರೆ ಪಂಕ್ಚರ್ ಹಾಕುವವನ ಬಗ್ಗೆ ಮಾತಾಡಿದವರು ಕಡಿಮೆ. ಅವನಿಗೂ ಒಂದು ಚರಿತ್ರೆ ಇದೆಯಲ್ಲ, ಅದನ್ನು ಒಮ್ಮೆ ನೋಡೋಣ ಎಂದು ಈ ಬರಹ.

ಕಲಾಯಿಯಿಂದ ಶುರುಮಾಡುತ್ತೇನೆ. ಎಂಬತ್ತರ ದಶಕದ ಕೊನೆಯವರೆಗೂ ನಮ್ಮ ಬೀದಿಯಲ್ಲಿ ‘ಪಾತ್ರೆಗೆ ಕಲಾಯೀ...’ ಎಂಬ ಕೂಗು ಕೇಳುತ್ತಿತ್ತು. ಹೆಗಲಲ್ಲಿ ತಿದಿ, ಕೈಯಲ್ಲಿ ಇಕ್ಕಳ, ಚೀಲದಲ್ಲಿ ಇದ್ದಿಲು. ಬೇವಿನ ಮರದಡಿ ನೆಲ ತೋಡಿ ಒಲೆ ಹೂಡುತ್ತಿದ್ದರು. ಹಬ್ಬ, ಮದುವೆ ಹತ್ತಿರ ಬಂದರೆ ಲಿಂಗಾಯಿತರ ಮನೆಯ ಕೊಳದಪ್ಪಲೆ, ಬ್ರಾಹ್ಮಣರ ಮನೆಯ ಹಿತ್ತಾಳೆ ತಪ್ಪಲೆ, ನಮ್ಮ ಮನೆಯ ಬಿರಿಯಾನಿ ದೇಗಚಿ ಎಲ್ಲವೂ ಅದೇ ಮರದಡಿ ಸಾಲಾಗಿ ಕೂರುತ್ತಿದ್ದವು.

ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಣಸೆಹುಳಿ, ಮಜ್ಜಿಗೆ ಇಟ್ಟರೆ ಲೋಹ ಕರಗಿ ಕಿಲುಬು ಕಟ್ಟುತ್ತದೆ, ತಿಂದವರಿಗೆ ವಾಂತಿ. ಅದನ್ನು ತಡೆಯುವುದಕ್ಕೆ ಒಳಮೈಗೆ ತವರದ ತೆಳುವಾದ ಹೊದಿಕೆ ಕೊಡುವುದೇ ಕಲಾಯಿ. ತಾಮ್ರ ಕರಗಲು 1085 ಡಿಗ್ರಿ ಸೆಂಟಿಗ್ರೇಡ್ ಬೇಕು, ತವರಕ್ಕೆ 232 ಸಾಕು. ಈ ಅಂತರದಲ್ಲೇ ಕಲಾಯಿಗಾರನ ಅನ್ನ ಇತ್ತು. ಪಾತ್ರೆ ಕಾದಿದೆಯೋ ಇಲ್ಲವೋ ಎಂದು ತಿಳಿಯಲು ಅವನ ಬಳಿ ಥರ್ಮಾಮೀಟರು ಇರಲಿಲ್ಲ. ಬಣ್ಣ ನೋಡಿ ಹೇಳುತ್ತಿದ್ದ. ಮೊದಲು ಮರಳು, ಬೂದಿ ಹಾಕಿ ಉಜ್ಜಬೇಕು. ದೊಡ್ಡ ಹಂಡೆಯಾದರೆ ಗೋಣಿಚೀಲದ ತುಂಡಿನ ಮೇಲೆ ಒಳಗೇ ನಿಂತು, ಸೊಂಟ ತಿರುಗಿಸುತ್ತ ಕಾಲಿನಲ್ಲಿ ತಿಕ್ಕುವುದು. ಮಕ್ಕಳಾದ ನಮಗೆ ಅದೊಂದು ಕುಣಿತ. ಆಮೇಲೆ ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿದರೆ ಭುಸ್ಸೆಂದು ಬಿಳಿ ಹೊಗೆ, ಮೂಗು ಕಟ್ಟುವ ಘಾಟು. ಲೋಹದ ಮೇಲಿನ ಮಲಿನವನ್ನು ತೆಗೆದು ತವರ ಅಂಟುವಂತೆ ಮಾಡುವುದು ಆ ನವಸಾಗರವೇ. ತವರದ ಕಡ್ಡಿಯನ್ನು ತಾಗಿಸಿ, ಹತ್ತಿಯ ಉಂಡೆಯಿಂದ ಸುತ್ತ ಒರೆಸಿ, ನೀರಿಗೆ ಅದ್ದಿ ತೆಗೆದಾಗ ಕಪ್ಪು ಪಾತ್ರೆಯ ಒಳಗೆ ಬೆಳ್ಳಿ ಕಾಣುತ್ತಿತ್ತು.

ಕಲಾಯಿಯಲ್ಲಿ ಮೋಸವೂ ಇತ್ತು, ಮುಚ್ಚಿಡಬೇಕಾಗಿಲ್ಲ. ತವರ ದುಬಾರಿ, ಸೀಸ ಅಗ್ಗ. ಸೀಸ ಬೆರೆಸಿದರೆ ನೋಡಲು ಹಾಗೇ ಹೊಳೆಯುತ್ತದೆ, ಆದರೆ ಅದು ವಿಷ. ನಮ್ಮ ನಾನಿ ಕಲಾಯಿಗಾರನ ಕೈಯಿಂದ ಕಡ್ಡಿ ಇಸಿದುಕೊಂಡು ಕಿವಿಯ ಹತ್ತಿರ ಹಿಡಿದು ಬಗ್ಗಿಸುತ್ತಿದ್ದರು. ಶುದ್ಧ ತವರ ಬಗ್ಗುವಾಗ ಕರಕರ ಎಂದು ಸಣ್ಣಗೆ ಅಳುತ್ತದೆ. ಸೀಸ ಬೆರೆತರೆ ಆ ಸದ್ದು ಕ್ಷೀಣಿಸುತ್ತದೆ. ಲೋಹವಿಜ್ಞಾನದ ಪುಸ್ತಕಗಳಲ್ಲಿ ‘ತವರದ ಅಳು’ ಎಂದೇ ಇದರ ಪ್ರಸ್ತಾಪವಿದೆಯೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ನಾನಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ.

‘ಕಲಾಯಿ’ ಎಂಬ ಹೆಸರೂ ದೂರದಿಂದ ಬಂದದ್ದೇ. ಅರಬಿಯಲ್ಲಿ ತವರಕ್ಕೆ ‘ಕಲಈ’ ಎನ್ನುತ್ತಾರೆ. ಮಲಯ ಪರ್ಯಾಯದ್ವೀಪದ ‘ಕಲಾಹ್’ ಎಂಬ ಬಂದರಿನಿಂದ ಈ ಹೆಸರು ಬಂತೆಂದು ಪಂಡಿತರು ಹೇಳುತ್ತಾರೆ. 9ನೇ ಶತಮಾನದ ಅರಬ್ ಭೂಗೋಳಕಾರರೇ ಅಲ್ಲಿನ ತವರದ ಗಣಿಗಳ ಬಗ್ಗೆ ಬರೆದಿದ್ದಾರೆ. ಉರ್ದುವಿನಲ್ಲಿ ಒಬ್ಬನ ಬಂಡವಾಳ ಬಯಲಾದರೆ ‘ಕಲಈ ಖುಲ್ ಗಯೀ’ ಎನ್ನುತ್ತೇವೆ. ಕಲಾಯಿ ಕಿತ್ತುಹೋಗಿ ಒಳಗಿನ ತಾಮ್ರ ಕಂಡಿತು ಎಂದು ಅರ್ಥ. ಕಸುಬು ಹೋದರೂ ನುಡಿಗಟ್ಟು ಉಳಿದಿದೆ. ಕಲಾಯಿಯನ್ನು ಕೊಂದದ್ದು ಮೊದಲು ಅಲ್ಯೂಮಿನಿಯಮ್, ಆಮೇಲೆ ಸ್ಟೀಲು. ಆರೋಗ್ಯದ ಹೆಸರಿನಲ್ಲಿ ಈಗ ಮತ್ತೆ ತಾಮ್ರ, ಹಿತ್ತಾಳೆ ಕೊಳ್ಳುವವರು ಬಂದಿದ್ದಾರೆ. ಕೊಂಡ ಮೇಲೆ ಕಲಾಯಿಗಾರನನ್ನು ಹುಡುಕಿಕೊಂಡು ಊರೂರು ಅಲೆಯುತ್ತಾರೆ.

ಗ್ಯಾಸ್‌ಲೈಟಿನ ಕತೆ ನನ್ನ ಮನೆಯದೇ. ನಮ್ಮ ನಾನಾ ಆರು ಗ್ಯಾಸ್‌ಲೈಟು ಇಟ್ಟುಕೊಂಡು ಬಾಡಿಗೆಗೆ ಕೊಡುತ್ತಿದ್ದರು. ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ ಎಂದು ನಾವು ಹೆಮ್ಮೆಯಿಂದ ಓದುತ್ತೇವೆ. ಆದರೆ ಅದಾಗಿ ಅರವತ್ತು, ಎಪ್ಪತ್ತು ವರ್ಷಗಳ ಮೇಲೂ ಹಳ್ಳಿಯ ಮದುವೆಯ ದಿಬ್ಬಣ, ಬಯಲಾಟ, ಉರುಸಿನ ಸಂದಲ್, ಮೊಹರಮ್ಮಿನ ಅಲಾಯಿ ದೇವರ ಮೆರವಣಿಗೆ ನಡೆದದ್ದು ಗ್ಯಾಸ್‌ಲೈಟಿನ ಬೆಳಕಿನಲ್ಲೇ. ಹೆಸರು ಗ್ಯಾಸ್‌ಲೈಟು, ಉರಿಯುವುದು ಸೀಮೆಎಣ್ಣೆ. ಬರ್ಲಿನ್ನಿನ ಮಾಕ್ಸ್ ಗ್ರೇಟ್ಸ್ ಎಂಬಾತ 1910ರ ಸುಮಾರಿಗೆ ಇದನ್ನು ರೂಪಿಸಿದ. ಪೆಟ್ರೋಲಿಯಮ್ಮಿನ ‘ಪೆಟ್ರೋ’, ಅವನ ಹೆಸರಿನ ‘ಮಾಕ್ಸ್’ ಸೇರಿ ಪೆಟ್ರೋಮ್ಯಾಕ್ಸ್ ಆಯಿತು. ಪಂಪು ಹೊಡೆದರೆ ಗಾಳಿಯ ಒತ್ತಡಕ್ಕೆ ಎಣ್ಣೆ ಮೇಲೇರುತ್ತದೆ, ಕಾದ ಕೊಳವೆಯಲ್ಲಿ ಆವಿಯಾಗುತ್ತದೆ, ಮ್ಯಾಂಟಲಿನೊಳಗೆ ಉರಿಯುತ್ತದೆ.

ಮ್ಯಾಂಟಲನ್ನು ಕಂಡುಹಿಡಿದದ್ದು ಆಸ್ಟ್ರಿಯಾದ ಕಾರ್ಲ್ ಆವರ್, 1885ರಲ್ಲಿ. ನೋಡುವುದಕ್ಕೆ ಸಣ್ಣ ಬಟ್ಟೆಯ ಚೀಲ. ಮೊದಲ ಸಲ ಹೊತ್ತಿಸಿದಾಗ ಬಟ್ಟೆ ಸುಟ್ಟು ಬೂದಿಯ ಗೂಡು ಉಳಿಯುತ್ತದೆ. ಬೆಳಗುವುದು ಆ ಬೂದಿ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಥೋರಿಯಮ್ಮಿನ ಆಕ್ಸೈಡು, ಒಂದು ಪಾಲು ಸೀರಿಯಮ್ಮಿನದು. ಆ ಥೋರಿಯಮ್ಮಿಗಾಗಿ ಯುರೋಪಿನವರು ಜಗತ್ತೆಲ್ಲ ಹುಡುಕುತ್ತಿದ್ದಾಗ, 1909ರಲ್ಲಿ ಒಬ್ಬ ಜರ್ಮನ್ ರಸಾಯನಶಾಸ್ತ್ರಜ್ಞನಿಗೆ ತಿರುವಾಂಕೂರಿನ ಕಡಲತೀರದ ಮರಳಿನಲ್ಲಿ ಅದು ಸಿಕ್ಕಿತು. ನಮ್ಮ ಕಡಲಿನ ಮರಳು ಜರ್ಮನಿಗೆ ಹೋಗಿ ಮ್ಯಾಂಟಲಾಗಿ ಬಯಲುಸೀಮೆಯ ಜಾತ್ರೆಗೆ ಮರಳಿ ಬಂದಂತಾಯಿತು. ಥೋರಿಯಮ್ ವಿಕಿರಣ ಸೂಸುವ ಧಾತು ಎಂಬುದು ಅದನ್ನು ದಿನವೂ ಬೆರಳಲ್ಲಿ ಕಟ್ಟುತ್ತಿದ್ದ ನಾನಾನಿಗೆ ಯಾರೂ ಹೇಳಲಿಲ್ಲ.

ಗ್ಯಾಸ್‌ಲೈಟು ಬಾಡಿಗೆಗೆ ಹೋದರೆ ಅದರ ಜೊತೆ ಆಳೂ ಹೋಗಬೇಕು. ರಾತ್ರಿಯಿಡೀ ಎಚ್ಚರವಿದ್ದು ಪಂಪು ಹೊಡೆಯಬೇಕು, ನಿಪ್ಪಲಿನಲ್ಲಿ ಕಸ ಕಟ್ಟಿದರೆ ಪಿನ್ನು ಹಾಕಬೇಕು. ಬಯಲಾಟದ ರಾವಣ ಅಬ್ಬರಿಸುವಾಗ ಬೆಳಕು ಕೈಕೊಟ್ಟರೆ ಜನ ರಾವಣನನ್ನು ಬಯ್ಯುತ್ತಿರಲಿಲ್ಲ, ‘ಏ ಸಾಬರೇ’ ಎಂದು ಕೂಗುತ್ತಿದ್ದರು. ಹಾಗಾಗಿ ನಮ್ಮ ನಾನಾ ಐದು ಹೊತ್ತು ನಮಾಜಿನ ಮನುಷ್ಯನಾದರೂ, ಗದಾಯುದ್ಧದ ಮಾತುಗಳನ್ನು ಭಾಗವತನಿಗಿಂತ ಮೊದಲೇ ಹೇಳಿಬಿಡುತ್ತಿದ್ದರು.

ಈ ಕೆಲಸಗಳೆಲ್ಲ ಮುಸಲ್ಮಾನರ ಕೈಗೆ ಯಾಕೆ ಬಂದವು? ಎಲ್ಲವೂ ಬಂದವು ಎನ್ನುವುದೂ ಸರಿಯಲ್ಲ. ವಿಶ್ವಕರ್ಮರು, ಕ್ರೈಸ್ತರು, ದಲಿತರು ಕೂಡ ಈ ಅಂಗಡಿಗಳನ್ನು ಇಟ್ಟಿದ್ದರು. ಆದರೂ ಪಾಲು ಹೆಚ್ಚು ನಮ್ಮದಿತ್ತು. ನನಗೆ ತೋಚುವ ಕಾರಣ ಇದು: ಹಳೆಯ ಹಳ್ಳಿಯ ವ್ಯವಸ್ಥೆಯಲ್ಲಿ ಹನ್ನೆರಡು ಆಯಗಾರರು. ಕಮ್ಮಾರ, ಬಡಗಿ, ಅಗಸ, ಕುಂಬಾರ, ಹೀಗೆ ಪ್ರತಿ ಕಸುಬಿಗೂ ಒಬ್ಬ ವಾರಸುದಾರ, ಸುಗ್ಗಿಯಲ್ಲಿ ಅವನಿಗೆ ಇಂತಿಷ್ಟು ಧಾನ್ಯದ ಆಯ. ಸೈಕಲ್ಲು, ಸ್ಟವ್ವು, ಗ್ಯಾಸ್‌ಲೈಟು, ರೇಡಿಯೋ ಬಂದಾಗ ಅವುಗಳಿಗೆ ಜಾತಿ ಇರಲಿಲ್ಲ. ಯಾರ ಆಯಕ್ಕೂ ಸೇರದ ಯಂತ್ರಗಳು, ಹೊಲವೂ ಇಲ್ಲದೆ ಸರ್ಕಾರಿ ನೌಕರಿಗೆ ಬೇಕಾದ ಓದೂ ಇಲ್ಲದೆ ಪೇಟೆಯ ಅಂಚಿನಲ್ಲಿ ನಿಂತಿದ್ದವರ ಕೈಗೆ ಬಂದವು. ಸಂಬಳದ ಕೆಲಸದಲ್ಲಿ ಮುಸಲ್ಮಾನರು ಕಡಿಮೆ, ಸ್ವಂತ ದುಡಿಮೆಯಲ್ಲಿ ಬೇರೆಯವರಿಗಿಂತ ಹೆಚ್ಚು ಎಂದು 2006ರ ಸಾಚಾರ್ ಸಮಿತಿಯ ವರದಿ ಹೇಳಿದ್ದು ಇದೇ ಕತೆಯ ಮುಂದಿನ ಅಧ್ಯಾಯ.

ಪಂಕ್ಚರಿನ ಚರಿತ್ರೆ 1888ಕ್ಕೆ ಹೋಗುತ್ತದೆ. ಬೆಲ್‌ಫಾಸ್ಟಿನಲ್ಲಿದ್ದ ಜಾನ್ ಡನ್ಲಪ್ ಎಂಬ ಪಶುವೈದ್ಯ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿದ. ಗಾಳಿ ಬಂದ ದಿನವೇ ಪಂಕ್ಚರೂ ಬಂತು. ನಮ್ಮಲ್ಲಿ ಸ್ವಾತಂತ್ರ್ಯದ ಆಸುಪಾಸಿನಲ್ಲಿ ದೇಶೀಯ ಕಾರ್ಖಾನೆಗಳು ಎದ್ದವು: ಮದರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ. ಆದರೂ ಸೈಕಲ್ ಕೊಳ್ಳುವ ಶಕ್ತಿ ಎಷ್ಟು ಜನಕ್ಕಿತ್ತು? ಜನರಿಗೆ ಸೈಕಲ್ಲು ಸಿಕ್ಕಿದ್ದು ಷಾಪಿನ ಬಾಡಿಗೆ ಸೈಕಲ್ಲಿನಿಂದ, ಗಂಟೆಯ ಲೆಕ್ಕದಲ್ಲಿ. ನನ್ನ ಗೆಳೆಯನ ತಂದೆ ಒಂದು ನೋಟುಪುಸ್ತಕದಲ್ಲಿ ಸೈಕಲ್ ನಂಬರು, ಹೊತ್ತು, ಹೆಸರು ಉರ್ದುವಿನಲ್ಲಿ ಬರೆದಿಡುತ್ತಿದ್ದರು. ನಮ್ಮೂರಿನ ಎರಡು ತಲೆಮಾರು ಸೈಕಲ್ ಕಲಿತದ್ದು ಆ ಪುಸ್ತಕದಲ್ಲಿದೆ. ಆಮೇಲೆ ಶಾಸಕರಾದವರ ಹೆಸರೂ ಇದೆ, ಎರಡು ಗಂಟೆಯ ಬಾಕಿಯ ಸಮೇತ.

ಗಡಿಯಾರದವರ ಬಗ್ಗೆಯೇ ಬೇರೆ ಲೇಖನ ಬೇಕು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರ ಶುರುವಾಯಿತು. ಸೆಕೆಂಡಿಗೆ ಐದು ಸಲ ಟಿಕ್ ಎನ್ನುವ ಆ ‘ಜನತಾ’ ವಾಚನ್ನು ಬಿಚ್ಚಿ ಜೋಡಿಸಬಲ್ಲವರು ಪ್ರತಿ ತಾಲ್ಲೂಕಿನಲ್ಲೂ ಇದ್ದರು. ಕ್ವಾರ್ಟ್ಜ್ ಬಂದು, ಮೊಬೈಲು ಬಂದು, ಎಚ್‌ಎಂಟಿಯ ವಾಚ್ ಕಂಪನಿಯನ್ನೇ 2016ರಲ್ಲಿ ಮುಚ್ಚುವ ನಿರ್ಧಾರವಾಯಿತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಿದ್ದವರಲ್ಲಿ ಹಲವರು ಈಗ ಸೆಲ್ ಬದಲಾಯಿಸುತ್ತಾರೆ.

ಇಷ್ಟಾದ ಮೇಲೆ ಹೊರಗಿನವರ ಬೈಗುಳವನ್ನಷ್ಟೇ ದೂರಿದರೆ ಅನ್ಯಾಯವಾದೀತು. ಜುಮ್ಮಾದ ಭಾಷಣಗಳಲ್ಲಿ ನಾವು ಅಲ್-ಜಝರಿಯ ಹೆಸರು ಕೇಳುತ್ತೇವೆ. ಅವನು 1206ರಲ್ಲಿ ಯಂತ್ರಗಳ ಪುಸ್ತಕ ಬರೆದದ್ದು, ಆನೆಯ ಆಕಾರದ ಗಡಿಯಾರ ಮಾಡಿದ್ದು ನಮಗೆ ಹೆಮ್ಮೆ. ಟಿಪ್ಪು ಸುಲ್ತಾನ್ ಫ್ರಾನ್ಸಿಗೆ ರಾಯಭಾರಿಗಳನ್ನು ಕಳಿಸಿ ಕುಶಲಕರ್ಮಿಗಳನ್ನು ಕೇಳಿದ್ದೂ ಹೆಮ್ಮೆ. ಪ್ರವಾದಿಯವರು (ಸ) ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ದಾವೂದ್ (ಅ) ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರು ಎಂಬ ಹದೀಸುಗಳನ್ನು ಕೇಳಿ ತಲೆದೂಗುತ್ತೇವೆ. ಮಸೀದಿಯಿಂದ ಹೊರಬಂದು ಮಗಳಿಗೆ ಸಂಬಂಧ ನೋಡುವಾಗ ಮಾತ್ರ ‘ಹುಡುಗ ಗ್ಯಾರೇಜಿನಲ್ಲಂತೆ’ ಎಂದು ಮುಖ ತಿರುಗಿಸುತ್ತೇವೆ. ಪಿಂಜಾರರನ್ನು, ಕಲಾಯಿಗಾರರನ್ನು ಅಶ್ರಫರ ಮನೆಯ ದಸ್ತರಖಾನಿನಲ್ಲಿ ಎಲ್ಲಿ ಕೂರಿಸುತ್ತಿದ್ದರೆಂದು ನಾನು ಕಂಡಿದ್ದೇನೆ. ನನ್ನ ಗೆಳೆಯ ‘ವ್ಯಾಪಾರ’ ಎಂದು ಬರೆಸಿದ್ದು ಕನ್ನಡ ಶಾಲೆಯ ಹೆದರಿಕೆಯಿಂದ ಮಾತ್ರ ಇರಲಿಕ್ಕಿಲ್ಲ.

ಅವನ ತಂದೆಗೆ ಈಗ ಎಂಬತ್ತರ ಹತ್ತಿರ. ಮಗ ದೊಡ್ಡ ಊರಿನಲ್ಲಿ ನೌಕರಿಯಲ್ಲಿದ್ದಾನೆ. ಅಂಗಡಿಯಲ್ಲಿ ಬಾಡಿಗೆ ಸೈಕಲ್ಲು ಹೋಗಿ ಬಹಳ ಕಾಲವಾಯಿತು. ಬೈಕು, ಕಾರುಗಳದು ಟ್ಯೂಬ್‌ಲೆಸ್ ಟೈರು. ಅದಕ್ಕೆ ನೀರಿನ ಬೋಗುಣಿ, ಸಲ್ಯೂಷನ್ನು, ಉಜ್ಜುವ ಅರ ಯಾವುದೂ ಬೇಡ. ಆದರೂ ಅಸರ್ ನಮಾಜು ಮುಗಿಸಿ ಚಾಚಾ ಬಾಗಿಲು ತೆರೆಯುತ್ತಾರೆ. ಮಕ್ಕಳ ಸೈಕಲ್ಲು, ಯಾರದೋ ಕೊಡೆ, ಮಿಕ್ಸಿಯ ಜಾರು, ಔಷಧಿ ಹೊಡೆಯುವ ಪಂಪು, ಏನು ಬಂದರೂ ಬಿಚ್ಚಿ ನೋಡುತ್ತಾರೆ. ದುಡ್ಡು ಕೇಳುವುದಿಲ್ಲ, ಕೊಟ್ಟರೆ ಬೇಡ ಅನ್ನುವುದೂ ಇಲ್ಲ. ಪಕ್ಕದ ಬೆಂಚಿನಲ್ಲಿ ಕೂರಲು ಬರುವ ನಿವೃತ್ತ ಮೇಷ್ಟ್ರೊಬ್ಬರು ಇಕ್ಕಳ ಎತ್ತಿಕೊಡುವುದನ್ನು ಕಲಿತಿದ್ದಾರೆ.

ಕಳೆದ ರಂಜಾನಿನಲ್ಲಿ ಊರಿಗೆ ಹೋದಾಗ ಅಟ್ಟದ ಮೇಲಿದ್ದ ನಾನಾನ ಕೊನೆಯ ಗ್ಯಾಸ್‌ಲೈಟನ್ನು ಅವರ ಮುಂದೆ ಇಟ್ಟೆ. ತಿರುಗಿಸಿ, ಮೂಸಿ ನೋಡಿ, ‘ವಾಷರ್ ಒಣಗಿದೆ ಬೇಟಾ, ಬೇರೇನೂ ಆಗಿಲ್ಲ’ ಎಂದರು. ಪಂಪಿನ ಚರ್ಮದ ವಾಷರನ್ನು ಬಿಚ್ಚಿ ಎರಡು ದಿನ ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕಿದರು. ಮೂರನೇ ದಿನ ಪಂಪು ಹೊಡೆದಾಗ ಗಾಳಿ ಹಿಡಿಯಿತು, ನಿಪ್ಪಲಿನಿಂದ ಎಣ್ಣೆಯ ಸಣ್ಣ ಎಳೆ ಚಿಮ್ಮಿತು. ಮ್ಯಾಂಟಲ್ ಮಾತ್ರ ನಮ್ಮೂರಿನಲ್ಲಿ ಸಿಗಲಿಲ್ಲ. ಶಿವಮೊಗ್ಗದ ಕಡೆ ಹೋಗುವವರಿಗೆ ಹೇಳಿಟ್ಟಿದ್ದೇವೆ.