ತುಕ್ಕಿನೊಡನೆ ಕಡಲಿಗರ ಹೋರಾಟ

ಕಡಲ ತೀರದಲ್ಲಿ ಬದುಕುವ ನಮಗೆ ತುಕ್ಕು ಹೊಸದೇನಲ್ಲ. ಕಿಟಕಿಯ ಸರಳು, ಸೈಕಲ್ಲಿನ ಚೈನು, ಬಾವಿಯ ರಾಟೆ, ಎಲ್ಲವನ್ನೂ ಉಪ್ಪುಗಾಳಿ ಮೆಲ್ಲಮೆಲ್ಲನೆ ತಿನ್ನುತ್ತದೆ. ಗಾಳಿಯೇ ಇಷ್ಟು ಮಾಡಬಲ್ಲದಾದರೆ, ವರ್ಷವಿಡೀ ಉಪ್ಪುನೀರಿನಲ್ಲಿ ಮುಳುಗಿರುವ ಕಬ್ಬಿಣದ ಗತಿಯೇನು? ಈ ಪ್ರಶ್ನೆಗೆ ಮನುಷ್ಯ ಉತ್ತರ ಹುಡುಕಿದ ಕಥೆಯಲ್ಲಿ ನಮ್ಮ ಕರಾವಳಿಯೂ ಇದೆ, ದೂರದ ಇಂಗ್ಲೆಂಡೂ ಇದೆ.

ಮೊದಲು ನಮ್ಮ ಕಡಲಿಗೇ ಬರೋಣ. ಅರಬ್ಬೀ ಸಮುದ್ರದ ಹಳೆಯ ಹಡಗುಗಳಿಗೆ ಕಬ್ಬಿಣದ ಮೊಳೆಯೇ ಇರಲಿಲ್ಲ. ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ತೆಂಗಿನ ನಾರಿನ ಹುರಿಹಗ್ಗದಿಂದ ಒಂದಕ್ಕೊಂದು ಹೊಲಿಯುತ್ತಿದ್ದರು. 1183ರಲ್ಲಿ ಕೆಂಪು ಸಮುದ್ರದ ಐದಾಬ್ ಬಂದರಿಗೆ ಬಂದ ಸ್ಪೇನಿನ ಯಾತ್ರಿಕ ಇಬ್ನ್ ಜುಬೈರ್ ಇಂಥ ಹಡಗುಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ. ಹೊಲಿದ ಮೇಲೆ ಅವುಗಳಿಗೆ ತುಪ್ಪ, ಹರಳೆಣ್ಣೆ ಅಥವಾ ಶಾರ್ಕ್ ಮೀನಿನ ಎಣ್ಣೆ ಬಳಿಯುತ್ತಿದ್ದರಂತೆ. ಮೂರರಲ್ಲಿ ಮೀನೆಣ್ಣೆಯೇ ಮೇಲು ಎನ್ನುತ್ತಾನೆ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರ, ಮಂಗಳೂರುಗಳನ್ನು ಕಂಡುಹೋದ ಇಬ್ನ್ ಬತೂತ ಕೂಡ ಭಾರತ ಮತ್ತು ಯೆಮನ್‌ನ ಹಡಗುಗಳು ಹೊಲಿದವು ಎಂದೇ ಹೇಳುತ್ತಾನೆ. ಅವನು ಕೊಡುವ ಕಾರಣ ತುಕ್ಕಲ್ಲ. ಈ ಕಡಲಿನಲ್ಲಿ ಬಂಡೆಗಳು ಹೆಚ್ಚು. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ಬಳುಕಿ ಉಳಿಯುತ್ತದೆ.

ಹಗ್ಗಕ್ಕೂ ಆಯುಷ್ಯವಿದೆ, ಅದನ್ನು ಬಿಚ್ಚಿ ಮತ್ತೆ ಹೊಲಿಯಬೇಕು. ಆದರೆ ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಲಕ್ಷದ್ವೀಪದ ಹೊಲಿದ ಓಡಗಳು ಹುರಿಹಗ್ಗ ಹೇರಿಕೊಂಡು ಮಂಗಳೂರಿಗೆ ಬರುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು.

ಇಲ್ಲಿ ನಾವು ಎರಡು ತಪ್ಪುಗಳಿಂದ ದೂರವಿರಬೇಕು. ಮೊಳೆಯಿಲ್ಲದ ಹಡಗನ್ನು ಕಂಡು ಇವರು ಹಿಂದುಳಿದವರು ಎಂದುಕೊಂಡ ಪರದೇಶಿಗಳು ಇದ್ದರು. ಹೊರ್ಮುಜ್‌ನಲ್ಲಿ ಹೊಲಿದ ಹಡಗುಗಳನ್ನು ನೋಡಿದ ಮಾರ್ಕೊ ಪೋಲೊ ಅವುಗಳನ್ನು ಹೀನಾಯವಾಗಿಯೇ ಕಂಡ. ಇದಕ್ಕೆ ವಿರುದ್ಧವಾಗಿ, ನಮ್ಮವರಿಗೆ ಎಲ್ಲ ವಿಜ್ಞಾನವೂ ಮೊದಲೇ ತಿಳಿದಿತ್ತು ಎಂದು ಎದೆ ತಟ್ಟಿಕೊಳ್ಳುವವರೂ ಇದ್ದಾರೆ. ಎರಡೂ ನಿಜವಲ್ಲ. ತಮ್ಮ ಕಡಲಿಗೆ, ಕೈಗೆ ಸಿಗುವ ಸಾಮಗ್ರಿಗೆ ಒಪ್ಪುವ ದಾರಿಯನ್ನು ಅವರು ಅನುಭವದಿಂದ ಕಂಡುಕೊಂಡಿದ್ದರು, ಅಷ್ಟೆ.

ಯುರೋಪಿನ ಹಡಗುಗಳ ದಾರಿ ಬೇರೆ. ಓಕ್ ಮರ, ಕಬ್ಬಿಣದ ಮೊಳೆ, ಕಬ್ಬಿಣದ ಬೋಲ್ಟು. ಉಷ್ಣವಲಯದ ನೀರಿಗೆ ಬಂದಾಗ ಮರ ಕೊರೆಯುವ ಹುಳುಗಳು ಹಡಗಿನ ತಳವನ್ನು ಜರಡಿ ಮಾಡಿಬಿಡುತ್ತಿದ್ದವು. ಇದಕ್ಕೆ ಮದ್ದಾಗಿ ಬ್ರಿಟಿಷ್ ನೌಕಾಪಡೆ 1761ರಲ್ಲಿ 'ಅಲಾರ್ಮ್' ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸಿಗೆ ಕಳಿಸಿತು. 1763ರಲ್ಲಿ ಪರೀಕ್ಷಿಸಿದಾಗ ಹುಳು ಮುಟ್ಟಿರಲಿಲ್ಲ, ಪಾಚಿ ಹತ್ತಿರಲಿಲ್ಲ. ಆದರೆ ಹಲವೆಡೆ ತಗಡು ಕಳಚಿತ್ತು. ಅದನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳೇ ಕರಗಿಹೋಗಿದ್ದವು. ಅಲ್ಲೊಂದು ಇಲ್ಲೊಂದು ಮೊಳೆ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಯಾಕೆಂದು ನೋಡಿದರೆ, ತಗಡಿಗೆ ಸುತ್ತಿ ಬಂದಿದ್ದ ಕಂದು ಕಾಗದದ ತುಣುಕು ಮೊಳೆಗೂ ತಾಮ್ರಕ್ಕೂ ನಡುವೆ ಸಿಕ್ಕಿಕೊಂಡಿತ್ತು!

ಉಪ್ಪುನೀರಿನಲ್ಲಿ ತಾಮ್ರವೂ ಕಬ್ಬಿಣವೂ ಒಂದನ್ನೊಂದು ಮುಟ್ಟಿದರೆ ಅದೊಂದು ಬ್ಯಾಟರಿಯಾಗುತ್ತದೆ. ಎರಡರಲ್ಲಿ ಕಬ್ಬಿಣ ಹೆಚ್ಚು ಚುರುಕಾದ ಲೋಹ, ಆದ್ದರಿಂದ ಅದೇ ಕರಗುತ್ತದೆ, ತಾಮ್ರ ಉಳಿಯುತ್ತದೆ. ಬ್ಯಾಟರಿ ಎಂಬುದು ಹುಟ್ಟುವ ಮೊದಲೇ ಒಂದು ಕಾಗದದ ಚೂರು ಈ ಪಾಠ ಹೇಳಿತ್ತು. ಆದರೂ ಮುಂದೆ ಯುದ್ಧದ ಅವಸರದಲ್ಲಿ ನೌಕಾಪಡೆ ಇಡೀ ದಂಡಿಗೇ ತಾಮ್ರ ಹೊದಿಸಿತು. ಹಡಗಿನ ಒಡಲನ್ನು ಹಿಡಿದಿದ್ದ ಕಬ್ಬಿಣದ ಬೋಲ್ಟುಗಳು ಸವೆಯತೊಡಗಿದ ಮೇಲೆ, 1780ರ ದಶಕದಲ್ಲಿ, ತಾಮ್ರದ ಮಿಶ್ರಲೋಹದ ಬೋಲ್ಟುಗಳನ್ನು ತರಬೇಕಾಯಿತು.

ಮುಂದಿನ ಅಧ್ಯಾಯಕ್ಕೆ ನಮ್ಮ ನೆರೆಯ ಕೊಚ್ಚಿಯ ನಂಟಿದೆ. ತಾಮ್ರದ ತಗಡೂ ಸಮುದ್ರದಲ್ಲಿ ನಿಧಾನವಾಗಿ ಸವೆಯುತ್ತದೆ. ಇದನ್ನು ತಡೆಯುವ ಉಪಾಯ ಹೇಳಿ ಎಂದು ನೌಕಾಪಡೆ ಲಂಡನ್ನಿನ ರಾಯಲ್ ಸೊಸೈಟಿಯನ್ನು ಕೇಳಿತು. ಅದರ ಅಧ್ಯಕ್ಷ ಸರ್ ಹಂಫ್ರಿ ಡೇವಿ 1824ರಲ್ಲಿ ಉತ್ತರ ಕೊಟ್ಟರು. ಹಳೆಯ ಶತ್ರುವನ್ನೇ ಅವರು ಮಿತ್ರನನ್ನಾಗಿ ಮಾಡಿಕೊಂಡರು. ತಾಮ್ರಕ್ಕೆ ತಾಗಿದ ಕಬ್ಬಿಣ ತಾನು ಕರಗಿ ತಾಮ್ರವನ್ನು ಉಳಿಸುತ್ತದೆ ಎಂದಾದರೆ, ಬೇಕೆಂದೇ ಒಂದಿಷ್ಟು ಕಬ್ಬಿಣವನ್ನೋ ಸತುವನ್ನೋ ಬಲಿ ಕೊಟ್ಟರಾಯಿತಲ್ಲ! ಪ್ರಯೋಗಾಲಯದಲ್ಲಿ ಬಟಾಣಿ ಕಾಳಿನಷ್ಟು ಸತು ನಲವತ್ತು ಐವತ್ತು ಚದರ ಅಂಗುಲದ ತಾಮ್ರವನ್ನು ಕಾಪಾಡಿತು. ಕೊಚ್ಚಿಯಲ್ಲಿ ಕಟ್ಟಿದ, ಭಾರತದಲ್ಲೇ ತಾಮ್ರ ಹೊದಿಸಿದ 'ಸಮರಾಂಗ್' ಹಡಗಿಗೆ ಅದೇ ವರ್ಷ ಎರಕದ ಕಬ್ಬಿಣದ ತುಂಡುಗಳನ್ನು ಜೋಡಿಸಿದರು. ಹಡಗು ಕೆನಡಾದ ನೋವಾ ಸ್ಕಾಟಿಯಾಕ್ಕೆ ಹೋಗಿ 1825ರ ಆರಂಭದಲ್ಲಿ ಮರಳಿದಾಗ ತಾಮ್ರ ಬಹುಪಾಲು ಹೊಳೆಯುತ್ತಲೇ ಇತ್ತು.

ಆದರೂ ಡೇವಿ ಗೆಲ್ಲಲಿಲ್ಲ. ತಾಮ್ರ ಸ್ವಲ್ಪಸ್ವಲ್ಪವಾಗಿ ಕರಗುತ್ತಿದ್ದುದರಿಂದಲೇ ಅದರ ವಿಷಕ್ಕೆ ಅಂಜಿ ಪಾಚಿಯೂ ಚಿಪ್ಪುಜೀವಿಗಳೂ ದೂರವಿದ್ದವು. ಕರಗುವುದು ನಿಂತಿತು, ಅವು ಬಂದು ಅಂಟಿದವು. ಬೇರೆ ಹಡಗುಗಳ ತಳ ಭಾರವಾಗಿ ವೇಗ ಕುಗ್ಗಿತು. 1825ರಲ್ಲೇ ದೂರಯಾನದ ಹಡಗುಗಳಿಂದ ಈ ರಕ್ಷಕಗಳನ್ನು ತೆಗೆಯಲು ಆದೇಶವಾಯಿತು. ಡೇವಿ 1829ರಲ್ಲಿ ತೀರಿಕೊಂಡರು. ಅವರ ಲೆಕ್ಕ ತಪ್ಪಾಗಿರಲಿಲ್ಲ. ತಾಮ್ರವನ್ನು ಅವರು ಪೂರ್ತಿ ಅರಿತಿದ್ದರು. ತಾಮ್ರ ಕಡಲಿನಲ್ಲಿ ಇನ್ನೇನು ಕೆಲಸ ಮಾಡುತ್ತಿದೆ ಎಂಬುದು ಅವರ ಲೆಕ್ಕದಿಂದ ಹೊರಗುಳಿದಿತ್ತು.

ಕಬ್ಬಿಣದ ಹಡಗುಗಳ ಕಾಲ ಬಂದಾಗ ಡೇವಿಯ ತತ್ವಕ್ಕೆ ಮರುಜೀವ ಬಂತು. ಈಗ ಉಳಿಸಬೇಕಾದದ್ದು ಕಬ್ಬಿಣ, ಬಲಿಯಾಗಬೇಕಾದದ್ದು ಸತು. ಇಂದಿಗೂ ಉಕ್ಕಿನ ಹಡಗುಗಳ ತಳದಲ್ಲಿ ಸತು ಅಥವಾ ಅಲ್ಯೂಮಿನಿಯಂ ಗಟ್ಟಿಗಳನ್ನು ಕಾಣಬಹುದು. ಅವು ಸವೆದಷ್ಟೂ ಹಡಗು ಕ್ಷೇಮ.

ಸಣ್ಣ ಹಾಯಿದೋಣಿಗಳಲ್ಲಿ ಈ ಇಡೀ ಚರಿತ್ರೆ ಒಂದೇ ಕಡೆ ಸಿಗುತ್ತದೆ. ಗಾಳಿಗೆ ದೋಣಿ ಮಗುಚದಂತೆ ತಳದಿಂದ ಕೆಳಕ್ಕೆ ಭಾರವಾದ ಕೀಲ್ ಜೋಡಿಸುತ್ತಾರೆ. ಸೀಸಕ್ಕಿಂತ ಅಗ್ಗವಾದ್ದರಿಂದ ಹಲವು ದೋಣಿಗಳಲ್ಲಿ ಅದು ಎರಕದ ಕಬ್ಬಿಣದ್ದು. ಈ ಕಬ್ಬಿಣದೊಳಗೆ ಗ್ರಾಫೈಟ್ ಇರುತ್ತದೆ. ಉಪ್ಪುನೀರು ಕಬ್ಬಿಣವನ್ನು ಕರಗಿಸಿ ಒಯ್ದರೂ ಆಕಾರ ಹಾಗೆಯೇ ಉಳಿದು, ಚಾಕುವಿನಿಂದ ಕೆರೆಯಬಹುದಾದಷ್ಟು ಮೆತ್ತಗಾಗಬಹುದು. ಹೊರಗಿನಿಂದ ಗಟ್ಟಿ, ಒಳಗೆ ಟೊಳ್ಳು! ಆದ್ದರಿಂದ ತುಕ್ಕನ್ನು ಹೊಳೆಯುವ ಲೋಹದವರೆಗೆ ಕೆರೆದು, ಉಪ್ಪನ್ನು ತೊಳೆದು, ಒಣಗಿಸಿ, ಗಾಳಿಯ ತೇವ ಮತ್ತೆ ತುಕ್ಕು ಹಿಡಿಸುವ ಮೊದಲೇ ಎಪಾಕ್ಸಿ ಬಳಿಯುತ್ತಾರೆ, ಒಂದರ ಮೇಲೊಂದರಂತೆ ಹಲವು ಪದರ. ಅದರ ಮೇಲೆ ಚಿಪ್ಪುಜೀವಿಗಳನ್ನು ತಡೆಯುವ ಬಣ್ಣ. ಆ ಬಣ್ಣದಲ್ಲಿ ಸಾಮಾನ್ಯವಾಗಿ ಇರುವುದು ತಾಮ್ರ. ಅದು ಬರಿಯ ಕಬ್ಬಿಣಕ್ಕೆ ತಾಗಿದರೆ 'ಅಲಾರ್ಮ್' ಹಡಗಿನ ಮೊಳೆಗಳ ಕಥೆಯೇ ಮತ್ತೆ. ನಡುವಿನ ಎಪಾಕ್ಸಿ ಅಂದಿನ ಕಂದು ಕಾಗದದ ಕೆಲಸವನ್ನೇ ಮಾಡುತ್ತದೆ.

ತುಕ್ಕನ್ನು ಒಮ್ಮೆಗೇ ಗೆದ್ದವರು ಯಾರೂ ಇಲ್ಲ. ಹಗ್ಗವನ್ನು ಮತ್ತೆ ಹೊಲಿಯಬೇಕು, ಸತುವನ್ನು ಬದಲಿಸಬೇಕು, ಕೀಲನ್ನು ಕೆರೆದು ಬಣ್ಣ ಬಳಿಯಬೇಕು. ಬಣ್ಣದ ಮೇಲೆ ಬಣ್ಣ ಬಳಿದು ಒಳಗಿನ ತುಕ್ಕನ್ನು ಮುಚ್ಚುವವರು ಮೋಸಹೋಗುತ್ತಾರೆ. ಈ ಮಾತು ಕಬ್ಬಿಣಕ್ಕೆ ಮಾತ್ರ ಅನ್ವಯಿಸುವುದಿಲ್ಲ ಎಂಬುದನ್ನು ಓದುಗರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.