ಕರೆಂಟು ಹೋದರೆ ಅಜ್ಜಿಯ ಲೆಕ್ಕ

ಮಳೆಗಾಲಲ್ಲಿ ನಮ್ಮ ಊರಿನ ಕರೆಂಟಿನ ಕತೆ ಗೊಂತಿದ್ದನ್ನೆ! ತಂತಿ ಮೇಲೆ ಒಂದು ಮರ ಬಿದ್ದರೆ ಎರಡು ದಿನ ಕಸ್ತಲೆ. ಅಷ್ಟಪ್ಪಗ ಫ್ರಿಜ್ಜಿಲಿ ಇಪ್ಪದರ ಎಂತ ಮಾಡುದು ಹೇಳ್ತ ಚಿಂತೆ ನಾವು ಹೆಮ್ಮಕ್ಕೊಗೆ. ನಮ್ಮ ಅಜ್ಜಿಯಕ್ಕೊಗೆ ಈ ಚಿಂತೆಯೇ ಇತ್ತಿಲ್ಲೆ.

ಶಿವನಸಮುದ್ರಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದ್ದು 1902ರಲ್ಲಿ. ಬೆಂಗಳೂರಿನ ಬೀದಿಲಿ ಕರೆಂಟಿನ ದೀಪ ಹೊತ್ತಿದ್ದು 1905ರಲ್ಲಿ. ಗೋದ್ರೇಜ್ ಕಂಪೆನಿ ನಮ್ಮ ದೇಶಲ್ಲಿ ಫ್ರಿಜ್ಜು ಮಾಡ್ಲೆ ಸುರು ಮಾಡಿದ್ದು 1958ರಲ್ಲಿ. ತೋಟದ ಮನೆಗೊಕ್ಕೆ ಅದು ಎತ್ತೆಕ್ಕಾರೆ ಮತ್ತೂ ಸುಮಾರು ವರ್ಷ ಹೋತು.

ಅಲ್ಲಿವರೆಗೆ ಎಂತ ಮಾಡಿಗೊಂಡಿತ್ತಿದ್ದವು? ಹಲಸಿನ ಸೊಳೆ, ಮಾವಿನ ಮೆಡಿ ಉಪ್ಪಿಂಗೆ. ಹಪ್ಪಳ, ಸೆಂಡಗೆ, ಮಾಂಬಳ ಬೆಶಿಲಿಂಗೆ. ಎಂಗಳ ಉಗ್ರಾಣಲ್ಲಿ ಉಪ್ಪುಸೊಳೆಯ ಭರಣಿ ಈಗಳೂ ಇದ್ದು. ಅದಕ್ಕೆ ಕರೆಂಟು ಬೇಡ. ಉಪ್ಪು, ಹುಳಿ ಇಪ್ಪಲ್ಲಿ, ನೀರಿನ ಪಸೆ ಇಲ್ಲದ್ದಲ್ಲಿ ಕ್ರಿಮಿ ಸುಲಾಬಲ್ಲಿ ಬೆಳೆಯ. ಬೇಶಿದ ಅಡಿಗೆ ಹೆಚ್ಚಾಗಿ ಆ ಹೊತ್ತಿಂಗೆ ಉಂಬಷ್ಟೇ. ಒಳುದ್ದು ದನಗಳ ಅಕ್ಕಚ್ಚಿಂಗೆ. ಬೇಶಿದ್ದರ ಮೂರು ದಿನ ಮಡುಗುದು ಹೇಳುದು ಅವರ ಲೆಕ್ಕಲ್ಲೇ ಇತ್ತಿಲ್ಲೆ.

ಆ ಲೆಕ್ಕ ತಪ್ಪಿಸಿದ್ದು ಫ್ರಿಜ್ಜು. ಹಟ್ಟಿಂದ ದನ ಹೋತು, ಅಡಿಗೆ ಒಳಂಗೆ ಡಬ್ಬಿ ಬಂತು. ಮೊನ್ನಾಣ ಕೊದಿಲು, ನಿನ್ನೆಯಾಣ ಅಶನ, ಅರದ ಕಾಯಿ ಎಲ್ಲವೂ ತಂಪಿನ ನಂಬಿ ಕೂದೊಂಡಿಪ್ಪದು.

2003ರ ಆಗಸ್ಟ್ 14ಕ್ಕೆ ಅಮೇರಿಕ, ಕೆನಡಲ್ಲಿ ಸುಮಾರು 5 ಕೋಟಿ ಜನಕ್ಕೆ ಕರೆಂಟು ಹೋಗಿತ್ತು. ಮತ್ತೆ ನ್ಯೂಯಾರ್ಕಿಲಿ ಹೊಟ್ಟೆ ಹಾಳಾದವು ಹೆಚ್ಚಾದವು. ಎಂತಕೆ ಹೇಳಿ ನೋಡಿರೆ, ಕರೆಂಟು ಹೋದ ಮೇಲೆ ತಿಂದ ಮಾಂಸ, ಮೀನಿಂಗೂ ಅದಕ್ಕೂ ಸಂಬಂಧ ಕಂಡತ್ತು. ನಮ್ಮ ಅಡಿಗೆ ಒಳ ಮೀನು ಇಲ್ಲದ್ದರೂ ಹಾಲಿಂಗೆ, ಅಶನಕ್ಕೆ, ಕಾಯಿ ಹಾಕಿದ ಕೊದಿಲಿಂಗೆ ಅದೇ ನ್ಯಾಯ.

ಬಾಗಿಲು ತೆಗೆಯದ್ದೆ ಮಡುಗಿರೆ ಫ್ರಿಜ್ಜಿನ ತಂಪು ಸುಮಾರು 4 ಗಂಟೆ ನಿಲ್ಲುತ್ತು. ತುಂಬಿದ ಫ್ರೀಜರಿಲಿ 48 ಗಂಟೆ, ಅರ್ಧ ತುಂಬಿದ್ದರಲ್ಲಿ 24 ಗಂಟೆ. ಕರೆಂಟು ಹೋದ ಹೊತ್ತಿನ ಕ್ಯಾಲೆಂಡರಿಲಿ ಬರದು ಮಡುಗಿ. 4 ಗಂಟೆ ಕಳುದ ಮೇಲೆ ಫ್ರಿಜ್ಜಿನ ಹಾಲು, ಅಶನ, ಕೊದಿಲು, ಅರದ ಕಾಯಿ ಇಡ್ಕೆಕ್ಕು. ಮೂಸಿ, ರುಚಿ ನೋಡಿ ನಿಶ್ಚಯ ಮಾಡ್ಲಾಗ. "ಇನ್ನೊಂದರಿ ಕೊದಿಶಿರೆ ಆತು" ಹೇಳುದೂ ಸರಿ ಅಲ್ಲ: ಅಶನಲ್ಲಿ ಬೆಳವ ಬ್ಯಾಸಿಲಸ್ ಸೀರಿಯಸ್ ಹೇಳ್ತ ಕ್ರಿಮಿ ಬಿಡುವ ಒಂದು ವಿಷ ಕೊದಿಶಿರೂ ಹೋಗ. ಬೆಣ್ಣೆ, ತುಪ್ಪ, ಉಪ್ಪಿನಕಾಯಿಗೆ ಹೆದರೆಕ್ಕು ಹೇಳಿ ಇಲ್ಲೆ.

ಇನ್ನೊಂದು: ಜನರೇಟರಿನ ಮನೆ ಒಳ, ಜೆಗಿಲಿಲಿ ಮಡುಗಲಾಗ. ಅದರ ಹೊಗೆಲಿಪ್ಪ ಕಾರ್ಬನ್ ಮೊನಾಕ್ಸೈಡಿಂಗೆ ಬಣ್ಣವೂ ಇಲ್ಲೆ, ವಾಸನೆಯೂ ಇಲ್ಲೆ; ಜೀವ ತೆಗಗು.

ಅನ್ನ ಇಡ್ಕುಲೆ ಕೈ ಬತ್ತಿಲ್ಲೆ, ಎನಗೂ ಗೊಂತಿದ್ದು. ಆದರೆ ಅಜ್ಜಿಯಕ್ಕೊ ಹಾಳಾದ್ದರ ಮಕ್ಕೊಗೆ ಬಳುಸಿ ಅನ್ನ ಒಳುಶಿದ್ದಲ್ಲ, ಬೇಕಾದಷ್ಟೇ ಬೇಶಿ ಒಳುಶಿದ್ದು. ಆಟಿ ತಿಂಗಳಿಲಿ ನವಗೂ ಅದೇ ಲೆಕ್ಕ ಒಳ್ಳೆದು: ಒಂದು ಹೊತ್ತಿಂಗೆ ಒಂದು ಅಳಗೆ.