ರಸ್ತೆ ಬಂತು, ಕಾಡಿನ ದಾರಿ ಏನಾಯಿತು?

ಊರಿಗೆ ರಸ್ತೆ ಬಂದರೆ ಬಸ್ಸು ಬರುತ್ತದೆ. ಶಾಲೆ, ಆಸ್ಪತ್ರೆ, ಮಾರುಕಟ್ಟೆ ಹತ್ತಿರವಾಗುತ್ತವೆ. ಆದರೆ ಅದೇ ರಸ್ತೆ ಕಾಡುಪ್ರಾಣಿಯ ಪಾಲಿಗೆ ಎರಡು ಕಾಡುಗಳ ನಡುವಣ ಗೋಡೆಯೂ ಆಗಬಲ್ಲದು.

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಜಗಳೂರು ಚಿತ್ರದುರ್ಗದಿಂದಲೂ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಆನಂತರ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಆಡಳಿತದ ಗೆರೆ ಬದಲಾದರೂ ನೆಲದ ಗುಣ ಬದಲಾಗಲಿಲ್ಲ. ಜಗಳೂರಿನದು ಬಯಲುಸೀಮೆಯ ಕುರುಚಲು ಕಾಡು. ಉಳಿದ ಮೂರು ಮಲೆನಾಡಿನ ಸೆರಗು.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಲ್ಲಿ ಕೊಂಡುಕುರಿಗಾಗಿಯೇ ವನ್ಯಜೀವಿ ಧಾಮ ಘೋಷಣೆಯಾಯಿತು. ನಾಲ್ಕು ಕೊಂಬಿನ ಈ ನಾಚಿಕೆಯ ಪ್ರಾಣಿ ಹಿಂಡು ಕಟ್ಟುವುದಿಲ್ಲ, ನೀರಿನಾಸರೆಯಿಂದ ಬಹುದೂರ ಹೋಗುವುದಿಲ್ಲ. ಧಾಮದ ವಿಸ್ತೀರ್ಣ ಸುಮಾರು 77 ಚದರ ಕಿ.ಮೀ. ಮಾತ್ರ. ಇಂಥ ಚಿಕ್ಕ ಕಾಡು ಸುತ್ತಲಿನ ಕಾಡುಗಳಿಂದ ಕಡಿದುಹೋದರೆ ಒಳಗಿನ ಪ್ರಾಣಿಗಳು ತಮ್ಮತಮ್ಮಲ್ಲೇ ಕೂಡಿ ಸಂತತಿ ದುರ್ಬಲವಾಗುವ ಅಪಾಯವಿದೆ.

ಚನ್ನಗಿರಿಯ ಕಡೆ ಸಮಸ್ಯೆಯ ಸ್ವರೂಪವೇ ಬೇರೆ. 2023ರ ಏಪ್ರಿಲ್‌ನಲ್ಲಿ ಆ ತಾಲ್ಲೂಕಿನಲ್ಲಿ ಕಾಡಾನೆಯ ದಾಳಿಗೆ ಬಾಲಕಿಯೊಬ್ಬಳು ಬಲಿಯಾದಳು. ಆನೆ ಹಿಡಿಯುವ ಕಾರ್ಯಾಚರಣೆ ಹೊನ್ನಾಳಿ–ನ್ಯಾಮತಿ ಭಾಗದ ಕಾಡಿನವರೆಗೂ ನಡೆಯಿತು. ಇದಕ್ಕೆ ರಸ್ತೆಯೇ ಕಾರಣ ಎನ್ನಲಾಗದು. ಆದರೆ ಆನೆ ಯಾವ ದಾರಿಯಲ್ಲಿ ಬರುತ್ತದೆ, ಎಲ್ಲಿ ತಡೆಯಾದಾಗ ಹೊಲದತ್ತ ತಿರುಗುತ್ತದೆ ಎಂಬುದು ತಿಳಿಯದಿದ್ದರೆ ಜನರಿಗೂ ರಕ್ಷಣೆಯಿಲ್ಲ.

ಎತ್ತಿನಗಾಡಿಯ ಕಾಲದ ದಾರಿ ಕಿರಿದು, ಓಟ ನಿಧಾನ. ಕತ್ತಲಾದ ಮೇಲೆ ಸಂಚಾರವೇ ವಿರಳ. ಡಾಂಬರು ಬಂದ ಮೇಲೆ ವೇಗ ಹೆಚ್ಚಿತು, ರಾತ್ರಿ ಸಂಚಾರ ಬೆಳೆಯಿತು. ಚಿತ್ರದುರ್ಗದಿಂದ ಹೊಳಲ್ಕೆರೆ, ಚನ್ನಗಿರಿ ಮಾರ್ಗವಾಗಿ ಶಿವಮೊಗ್ಗಕ್ಕೆ ಹೋಗುವ ದಾರಿ ರಾಷ್ಟ್ರೀಯ ಹೆದ್ದಾರಿಯೇ ಆಯಿತು.

ಹಾನಿಯನ್ನು ಅಳೆಯುವುದು ಹೇಗೆ? ವಾಹನಕ್ಕೆ ಸಿಕ್ಕಿ ಸತ್ತ ಪ್ರಾಣಿಗಳ ಎಣಿಕೆಯೊಂದೇ ಸಾಲದು. ಹೆದರಿದ ಪ್ರಾಣಿ ರಸ್ತೆಯ ಬಳಿಗೇ ಬಾರದಿದ್ದರೆ ಸಾವಿನ ಲೆಕ್ಕ ಸೊನ್ನೆಯಾಗುತ್ತದೆ. ಕಾಡು ಮಾತ್ರ ಎರಡು ಹೋಳಾಗಿರುತ್ತದೆ. ಆದ್ದರಿಂದ ರಸ್ತೆಗೆ ಮೊದಲೂ ಆಮೇಲೂ, ಮಳೆಗಾಲದಲ್ಲೂ ಬೇಸಿಗೆಯಲ್ಲೂ, ಎರಡೂ ಬದಿಯ ಹೆಜ್ಜೆಗುರುತು, ಹಿಕ್ಕೆ ಹಾಗೂ ಸ್ವಯಂಚಾಲಿತ ಕ್ಯಾಮೆರಾಗಳ ಚಿತ್ರಗಳನ್ನು ಹೋಲಿಸಬೇಕು. ಕೊಂಡುಕುರಿ ಒಂದೇ ಜಾಗದಲ್ಲಿ ಮತ್ತೆಮತ್ತೆ ಹಿಕ್ಕೆ ಹಾಕುವುದರಿಂದ ಅದರ ನೆಲೆ ಗುರುತಿಸುವುದು ಸುಲಭ.

ಪರಿಹಾರಗಳಿಗೆ ಉದಾಹರಣೆಗಳಿವೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧಿಸಲಾಯಿತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರದ ಪೆಂಚ್ ಭಾಗದಲ್ಲಿ ಹೆದ್ದಾರಿಯ ಕೆಳಗೆ ಪ್ರಾಣಿಗಳಿಗಾಗಿ ಒಂಬತ್ತು ದಾರಿಗಳನ್ನು ನಿರ್ಮಿಸಲಾಗಿದೆ. 2019ರಲ್ಲಿ ಇಟ್ಟ ಕ್ಯಾಮೆರಾಗಳಿಗೆ ಹುಲಿ ಸೇರಿದಂತೆ 18 ಜಾತಿಯ ಪ್ರಾಣಿಗಳು ಅಲ್ಲಿ ಹಾದುಹೋದದ್ದು ಕಂಡಿತು.

ಎಲ್ಲೆಡೆಯೂ ಅಷ್ಟು ದೊಡ್ಡ ಕಾಮಗಾರಿ ಬೇಕೆಂದಿಲ್ಲ. ಹಳ್ಳದ ಮೋರಿಯನ್ನು ಅಗಲಿಸಿ ಒಣ ದಂಡೆ ಬಿಟ್ಟರೆ ಸಣ್ಣ ಪ್ರಾಣಿಗಳಿಗೆ ದಾರಿಯಾದೀತು. ಆದರೆ ಅದು ಎಲ್ಲಿರಬೇಕೆಂಬುದು ನಕ್ಷೆ ಬರೆಯುವ ಮೊದಲೇ ಗೊತ್ತಿರಬೇಕು. ರಸ್ತೆ ಮುಗಿದ ಮೇಲೆ ಒಡೆದು ಕಟ್ಟುವ ಖರ್ಚಿಗಿಂತ ಮೊದಲೇ ನಡೆಸುವ ಸಮೀಕ್ಷೆಯ ಖರ್ಚು ಕಡಿಮೆ.